ಅವ್ವನ ಬಳೆ, ಚನ್ನಮ್ಮನ ಖಜಾನೆ

ದಿನಾ ಖಾನಾಪುರದಿಂದ ಬಸ್ಸಿಗೆ ಬಂದು, ಬೆಳಗಾವಿಯ ಚನ್ನಮ್ಮ ವೃತ್ತ ದಾಟಿ ಕೋಚಿಂಗ್ ಕ್ಲಾಸಿಗೆ ಹೋಗುತ್ತೇನೆ. ಅಲ್ಲಿನ ಪ್ರತಿಮೆಯನ್ನು ನಿಂತು ನೋಡಿದ್ದು ಮಾತ್ರ ಅಪ್ಪ ತೀರಿಕೊಂಡ ಮೇಲೆ. ಅಪ್ಪನ ಮಣ್ಣಾದ ದಿನ ಹೆಂಗಸರು ಸೇರಿ ಅವ್ವನ ಹಸಿರು ಬಳೆ ಒಡೆದರು. ತಾಳಿ, ಕಾಲುಂಗುರ ಬಿಚ್ಚಿ ಡಬ್ಬಿಗೆ ಹಾಕಿದರು. ಚನ್ನಮ್ಮನೂ ಗಂಡನನ್ನು ಕಳೆದುಕೊಂಡವಳೇ ಅಲ್ಲವೇ ಎಂದು ಆಗ ಹೊಳೆಯಿತು.

ನಾವು ಪರೀಕ್ಷೆಗೆ ಓದುವ ಅವಳ ಕಥೆ ಯುದ್ಧದಿಂದ ಶುರುವಾಗುತ್ತದೆ. ಆದರೆ ಅದಕ್ಕೂ ಮೊದಲು ಸಾವುಗಳಿವೆ. 1778ರಲ್ಲಿ ಬೆಳಗಾವಿ ಪಕ್ಕದ ಕಾಕತಿಯಲ್ಲಿ ಹುಟ್ಟಿದವಳು ಕಿತ್ತೂರಿನ ಮಲ್ಲಸರ್ಜನ ಕೈ ಹಿಡಿದಳು. ಅವನು ಪೇಶ್ವೆಯ ಸೆರೆ ಅನುಭವಿಸಿ 1816ರಲ್ಲಿ ತೀರಿಕೊಂಡ. ಹೆತ್ತ ಮಗನೂ ಉಳಿಯಲಿಲ್ಲ. 1824ರ ಸೆಪ್ಟೆಂಬರಿನಲ್ಲಿ ಮಲಮಗ ಶಿವಲಿಂಗರುದ್ರಸರ್ಜನೂ ಹೋದ. ಹೆಚ್ಚು ದಿನ ಕಳೆದಿರಲಿಲ್ಲ, ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತು ಒಪ್ಪದೆ ಅರಮನೆಯ ಖಜಾನೆಗೆ ಮೊಹರು ಹಾಕಿದ. ಒಡವೆ, ನಗದು ಸೇರಿ ಅದರ ಬೆಲೆ ಸುಮಾರು 15 ಲಕ್ಷ ರೂಪಾಯಿ ಎನ್ನುತ್ತಾರೆ. ನಮ್ಮ ಕಡೆಯ ರೂಢಿಯಲ್ಲಿ ವಿಧವೆಗೆ ಸಲ್ಲದ ಒಡವೆಗಳು ಅವು! ಅವಳು ಬಿಟ್ಟುಕೊಡಲಿಲ್ಲ. ಅಕ್ಟೋಬರ್ 23ರಂದು ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು.

ಇಂಗ್ಲೆಂಡಿನಲ್ಲಿ ಇದು ತಿರುವುಮುರುವು. 1861ರಲ್ಲಿ ಗಂಡ ಆಲ್ಬರ್ಟ್ ಸತ್ತಾಗ ವಿಕ್ಟೋರಿಯಾ ರಾಣಿ ದುಃಖಕ್ಕೆಂದೇ ಒಡವೆ ಧರಿಸಿದಳು. ವಿಟ್ಬಿ ಊರಿನ ಕಪ್ಪು ಜೆಟ್ ಕಲ್ಲು, ಸತ್ತವರ ಕೂದಲಿಟ್ಟ ಲಾಕೆಟ್ಟು ಅಲ್ಲಿ ಫ್ಯಾಷನ್ನೇ ಆದವು. ಅಲ್ಲಿ ಹಾಕಿಕೊಂಡು ಅತ್ತರು, ಇಲ್ಲಿ ಬಿಚ್ಚಿಸಿ ಅಳಿಸಿದರು. ನಮ್ಮ ಪದ್ಧತಿಯೇ ಕಠೋರ ಎಂದು ನನಗನಿಸುತ್ತದೆ. ಆದರೂ ಗಂಡನ ಸಾವು ಲಿಂಗಾಯತ ಹೆಣ್ಣಿನ ಕೊರಳಿಂದ ಇಷ್ಟಲಿಂಗವನ್ನು ಬಿಚ್ಚಿಸಲಾರದು. ಅದು ಅವಳದೇ, ಮಣ್ಣಿಗೂ ಅವಳ ಜೊತೆಗೇ ಹೋಗುತ್ತದೆ. ಚನ್ನಮ್ಮನೂ ಲಿಂಗಾಯತಳು.

ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿದ್ದು 1829ರ ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು. ಅವಳಿಗಾಗಿ ಕಾದಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಮ್ಮ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳಾಗಲೆಂದು ಜನ ಇಂದಿಗೂ ಪುಟ್ಟ ತೊಟ್ಟಿಲು ಕಟ್ಟುತ್ತಾರೆ.

ಕಳೆದ ತಿಂಗಳು ಅವ್ವನನ್ನು ಅಲ್ಲಿಗೆ ಕರೆದೊಯ್ದಿದ್ದೆ. ಮರಳುವಾಗ ಬಳೆ ಅಂಗಡಿ ಮುಂದೆ ನಿಂತು ನನಗೆ ಒಂದು ಡಜನ್ ಹಸಿರು ಬಳೆ ಕೊಡಿಸಿದಳು. ಅಳತೆ ನೋಡಿದ್ದು ಮಾತ್ರ ತನ್ನ ಕೈಗೆ ಹಾಕಿಕೊಂಡು. ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.