ಮಾರ್ಗರೆಟ್ ಬರ್ಕ್-ವೈಟ್

ಮಾರ್ಗರೆಟ್ ಬರ್ಕ್-ವೈಟ್ (ಜೂನ್ ೧೪, ೧೯೦೪ – ಆಗಸ್ಟ್ ೨೭, ೧೯೭೧) ಅಮೆರಿಕದ ಪ್ರಸಿದ್ಧ ಛಾಯಾಗ್ರಾಹಕಿ ಹಾಗೂ ಯುದ್ಧ ವರದಿಗಾರ್ತಿ. ಚರಕದ ಬಳಿ ಕುಳಿತ ಮಹಾತ್ಮ ಗಾಂಧಿಯವರ ಪ್ರಖ್ಯಾತ ಛಾಯಾಚಿತ್ರವನ್ನು ೧೯೪೬ರಲ್ಲಿ ತೆಗೆದವರು ಇವರೇ. ಪಾರ್ಕಿನ್ಸನ್ ಕಾಯಿಲೆಗಾಗಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ ಇವರು ಆ ಅನುಭವವನ್ನು ಜನರ ಮುಂದೆ ಮುಚ್ಚುಮರೆಯಿಲ್ಲದೆ ಇಟ್ಟರು.

ಜೀವನ ಮತ್ತು ವೃತ್ತಿ

ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ ಜನಿಸಿದ ಇವರು ೧೯೨೭ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ೧೯೩೬ರಲ್ಲಿ ಪ್ರಕಟವಾದ 'ಲೈಫ್' ಚಿತ್ರಪತ್ರಿಕೆಯ ಮೊದಲ ಸಂಚಿಕೆಯ ಮುಖಪುಟದಲ್ಲಿ ಇವರು ತೆಗೆದ ಫೋರ್ಟ್ ಪೆಕ್ ಅಣೆಕಟ್ಟಿನ ಚಿತ್ರವಿತ್ತು. ಎರಡನೆಯ ಮಹಾಯುದ್ಧವನ್ನು ವರದಿ ಮಾಡಿದ ಇವರು ೧೯೪೫ರಲ್ಲಿ ಬುಕೆನ್‌ವಾಲ್ಡ್ ಸೆರೆಶಿಬಿರದ ಭೀಕರತೆಯನ್ನು ಸೆರೆಹಿಡಿದರು. ಭಾರತ ವಿಭಜನೆಯ ಕಾಲದ ವಲಸೆಯನ್ನೂ ಚಿತ್ರಿಸಿದರು. ೧೯೪೮ರ ಜನವರಿ ೩೦ರಂದು, ಹತ್ಯೆಗೆ ಕೆಲವೇ ಗಂಟೆಗಳ ಮೊದಲು, ಗಾಂಧೀಜಿಯವರನ್ನು ಸಂದರ್ಶಿಸಿದ್ದರು.

ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆ

೧೯೫೦ರ ದಶಕದಲ್ಲಿ ಇವರಲ್ಲಿ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳು ಕಾಣಿಸಿಕೊಂಡವು. ಕೈಗಳ ಬಿಗಿತ ಮತ್ತು ನಡುಕದಿಂದ ಕ್ಯಾಮೆರಾ ಹಿಡಿಯುವುದೇ ಕಷ್ಟವಾಯಿತು. ಲೆವೊಡೋಪ ಔಷಧವು ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ೧೯೫೯ ಮತ್ತು ೧೯೬೧ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಮಿದುಳಿನ ಆಳದ ಒಂದು ಸಣ್ಣ ಭಾಗವನ್ನು ನಾಶಪಡಿಸಿ ನಡುಕವನ್ನು ತಡೆಯುವುದು ಅಂದಿನ ಕ್ರಮವಾಗಿತ್ತು. ನಡುಕ ನಿಂತಿತಾದರೂ ಮಾತು ಅಸ್ಪಷ್ಟವಾಯಿತು. ಕಾಯಿಲೆಯ ಮುನ್ನಡೆಯೂ ನಿಲ್ಲಲಿಲ್ಲ. ೧೯೫೯ರಲ್ಲಿ 'ಲೈಫ್' ಪತ್ರಿಕೆಯು ಇವರ ಹೋರಾಟದ ಕಥೆಯನ್ನು ಸಹೋದ್ಯೋಗಿ ಆಲ್ಫ್ರೆಡ್ ಐಸೆನ್‌ಸ್ಟಾಟ್ ತೆಗೆದ ಚಿತ್ರಗಳೊಂದಿಗೆ ಪ್ರಕಟಿಸಿತು. ಆತ್ಮಕಥೆ 'ಪೋರ್ಟ್ರೇಟ್ ಆಫ್ ಮೈಸೆಲ್ಫ್' ೧೯೬೩ರಲ್ಲಿ ಹೊರಬಂದಿತು. ತಮ್ಮ ೬೭ನೆಯ ವಯಸ್ಸಿನಲ್ಲಿ ಕನೆಕ್ಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡ್‌ನಲ್ಲಿ ನಿಧನರಾದರು.

ನಂತರದ ಚಿಕಿತ್ಸಾಕ್ರಮ

ಇವರ ಮರಣಾನಂತರ, ೧೯೮೭ರಲ್ಲಿ, ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಬೆನಾಬಿಡ್ ಮತ್ತು ಸಂಗಡಿಗರು ಡೀಪ್ ಬ್ರೇನ್ ಸ್ಟಿಮ್ಯುಲೇಶನ್ ಎಂಬ ವಿಧಾನವನ್ನು ನಡುಕದ ಚಿಕಿತ್ಸೆಗೆ ಬಳಸಿದರು. ಇದರಲ್ಲಿ ಮಿದುಳಿನ ಭಾಗವನ್ನು ನಾಶಪಡಿಸದೆ, ಒಳಗಿಟ್ಟ ವಿದ್ಯುದ್ವಾರದ ಮೂಲಕ ನಿರಂತರವಾಗಿ ವಿದ್ಯುತ್ ಸ್ಪಂದನಗಳನ್ನು ನೀಡಲಾಗುತ್ತದೆ. ಪ್ರವಾಹವನ್ನು ಹೆಚ್ಚು ಕಡಿಮೆ ಮಾಡಬಹುದು, ನಿಲ್ಲಿಸಲೂಬಹುದು. ಆದರೂ ರಕ್ತಸ್ರಾವ, ಸೋಂಕು ಮತ್ತು ಮಾತಿನ ತೊಂದರೆಯ ಸಂಭವ ಉಳಿದಿದೆ. ವಯೋವೃದ್ಧರಲ್ಲಿ ಶಸ್ತ್ರಚಿಕಿತ್ಸೆಯ ನಂತರದ ಗೊಂದಲ, ನೆನಪಿನ ಕುಂದು ಹಾಗೂ ಸಮತೋಲನ ತಪ್ಪಿ ಬೀಳುವ ಭಯ ಹೆಚ್ಚು. ಲೆವೊಡೋಪಕ್ಕೆ ಮಣಿಯದ ನಡಿಗೆಯ ತೊಂದರೆಗಳು ಈ ಚಿಕಿತ್ಸೆಗೂ ಸಾಮಾನ್ಯವಾಗಿ ಮಣಿಯುವುದಿಲ್ಲ. ಆದ್ದರಿಂದ ವಯಸ್ಸೊಂದನ್ನೇ ನೋಡದೆ ಜ್ಞಾಪಕಶಕ್ತಿ, ಮನಃಸ್ಥಿತಿ ಮತ್ತು ಇತರ ಕಾಯಿಲೆಗಳನ್ನು ಪರೀಕ್ಷಿಸಿ ರೋಗಿಯನ್ನು ಆಯ್ಕೆ ಮಾಡಲಾಗುತ್ತದೆ. ಬರ್ಕ್-ವೈಟ್ ಅವರಿಗೆ ಕೈಯ ಸ್ಥಿರತೆಯೊಂದಿಗೆ ಬಂದ ಮಾತಿನ ನಷ್ಟವು, ಲಾಭ ಹಾನಿಗಳನ್ನು ತೂಗಿ ನೋಡಬೇಕಾದ ಈ ನಿರ್ಧಾರದ ಕಷ್ಟವನ್ನು ತೋರಿಸುತ್ತದೆ.