ಬೆಳಕನ್ನು ಅರಸಿದ ಆಮೆಗಳು

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1949ರ ಸುಮಾರಿಗೆ ಎರಡು ವಿಚಿತ್ರ ಜೀವಿಗಳು ಜನರ ಕುತೂಹಲವನ್ನು ಕೆರಳಿಸಿದ್ದವು. ಅವು ನೆಲದ ಮೇಲೆ ಮೆಲ್ಲಮೆಲ್ಲನೆ ಹರಿದಾಡುತ್ತಿದ್ದವು. ಕುರ್ಚಿಯ ಕಾಲು ಅಡ್ಡ ಬಂದರೆ ಹಿಂದೆಮುಂದೆ ತಡಕಾಡಿ ದಾರಿ ಮಾಡಿಕೊಳ್ಳುತ್ತಿದ್ದವು. ದೀಪ ಕಂಡರೆ ಅದರತ್ತ ಸಾಗುತ್ತಿದ್ದವು. ಒಂದರ ಹೆಸರು ಎಲ್ಮರ್, ಇನ್ನೊಂದರದು ಎಲ್ಸಿ. ನೋಡಲು ಆಮೆಗಳಂತಿದ್ದ ಅವು ಯಂತ್ರಗಳು. ಅವುಗಳ ನಿರ್ಮಾಪಕರು ಮಿದುಳಿನ ವಿಜ್ಞಾನಿ ವಿಲಿಯಂ ಗ್ರೇ ವಾಲ್ಟರ್.

ವಾಲ್ಟರ್ 1910ನೆಯ ಇಸವಿ ಫೆಬ್ರವರಿ 19ರಂದು ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಜನಿಸಿದರು. ತಂದೆತಾಯಿಗಳು ಪತ್ರಿಕೋದ್ಯೋಗಿಗಳು. ಬಾಲ್ಯದಲ್ಲಿಯೇ ಇಂಗ್ಲೆಂಡಿಗೆ ಬಂದ ಅವರು ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿಯೂ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. ಮಿದುಳಿನಲ್ಲಿ ಹುಟ್ಟುವ ಅತಿ ಸೂಕ್ಷ್ಮ ವಿದ್ಯುತ್ ಅಲೆಗಳನ್ನು ತಲೆಬುರುಡೆಯ ಹೊರಗಿನಿಂದಲೇ ದಾಖಲಿಸಬಹುದೆಂದು ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ್ದರು. ವಾಲ್ಟರ್ ಆ ವಿಧಾನವನ್ನು ಉತ್ತಮಗೊಳಿಸಿ, ನಿಧಾನಗತಿಯ ಅಲೆಗಳ ನೆರವಿನಿಂದ ಮಿದುಳಿನ ಗಡ್ಡೆ ಇರುವ ಸ್ಥಳವನ್ನು ಗುರುತಿಸಬಹುದೆಂದು 1936ರಲ್ಲಿ ತೋರಿಸಿಕೊಟ್ಟರು. 1939ರಲ್ಲಿ ಬ್ರಿಸ್ಟಲ್ಲಿನ ಬರ್ಡನ್ ನರವಿಜ್ಞಾನ ಸಂಸ್ಥೆಯನ್ನು ಸೇರಿದ ಮೇಲೆ ಅದೇ ಅವರ ಕರ್ಮಭೂಮಿಯಾಯಿತು.

ರೋಗಿಗಳ ಮಿದುಳನ್ನು ಪರೀಕ್ಷಿಸುತ್ತಿದ್ದ ಈ ವಿಜ್ಞಾನಿ ಆಟದ ಸಾಮಾನಿನಂತಹ ಆಮೆಗಳನ್ನು ಮಾಡಲು ಹೊರಟದ್ದೇಕೆ? ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನಮ್ಮ ನಡತೆಯ ವೈವಿಧ್ಯಕ್ಕೆ ಕಾರಣ ಈ ಅಪಾರ ಸಂಖ್ಯೆಯೇ, ಅಥವಾ ಕೋಶಕೋಶಗಳ ನಡುವಣ ಸಂಬಂಧವೇ? ಸಂಬಂಧವೇ ಮುಖ್ಯವೆಂದು ವಾಲ್ಟರ್ ಭಾವಿಸಿದರು. ಅದು ನಿಜವಾದರೆ ಎರಡೇ ಎರಡು ಕೋಶಗಳ ಪ್ರಾಣಿಯೂ ಸ್ವಾರಸ್ಯಕರವಾಗಿ ವರ್ತಿಸಬೇಕು. ಆದ್ದರಿಂದ ಅವರು ತಮ್ಮ ಆಮೆಗೆ, ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂತಹ ಎರಡು ವಾಲ್ವುಗಳನ್ನು ಮಾತ್ರ ನರಕೋಶಗಳಾಗಿ ಕೊಟ್ಟರು. ಹಲ್ಲುಚಕ್ರಗಳು ಹಳೆಯ ಗಡಿಯಾರಗಳಿಂದಲೂ ಅನಿಲದ ಮೀಟರುಗಳಿಂದಲೂ ಬಂದವು!

ಆಮೆಗೆ ಮೂರು ಚಕ್ರಗಳು. ಮುಂದಿನ ಚಕ್ರವನ್ನು ಒಂದು ಮೋಟಾರು ಉರುಳಿಸುತ್ತಿತ್ತು, ಮತ್ತೊಂದು ತಿರುಗಿಸುತ್ತಿತ್ತು. ಆ ಚಕ್ರದೊಡನೆಯೇ ತಿರುಗುವಂತೆ ಒಂದು ದ್ಯುತಿಕೋಶ, ಅಂದರೆ ಬೆಳಕು ಬಿದ್ದಾಗ ವಿದ್ಯುತ್ತಿನ ಮೂಲಕ ಸೂಚನೆ ನೀಡುವ ಒಂಟಿ ಕಣ್ಣು, ಅಳವಟ್ಟಿತ್ತು. ಕತ್ತಲೆಯಲ್ಲಿ ಚಕ್ರವೂ ಕಣ್ಣೂ ಸುತ್ತುತ್ತಲೇ ಇದ್ದುದರಿಂದ ಆಮೆ ಸುರುಳಿಸುರುಳಿಯಾಗಿ ಅಲೆಯುತ್ತಿತ್ತು. ಬೆಳಕು ಕಂಡೊಡನೆ ಸುತ್ತುವಿಕೆ ನಿಂತು, ಆಮೆ ಆ ಕಡೆಗೆ ನಡೆಯುತ್ತಿತ್ತು. ಆದರೆ ತೀರ ಹತ್ತಿರವಾಗಿ ಬೆಳಕು ಪ್ರಖರವಾದರೆ ಮುಖ ತಿರುಗಿಸಿ ದೂರ ಸರಿಯುತ್ತಿತ್ತು. ದೀಪಕ್ಕೆ ಬಿದ್ದು ಸಾಯುವ ಪತಂಗದ ಗತಿ ಇದಕ್ಕಿರಲಿಲ್ಲ. ಮೈಮೇಲಿನ ಚಿಪ್ಪು ಎಲ್ಲಿಯಾದರೂ ತಾಗಿದರೆ ಒಂದು ಸ್ವಿಚ್ಚು ಕೂಡಿಕೊಂಡು, ಅಡ್ಡಿ ಕಳೆಯುವವರೆಗೆ ಆಮೆ ಬೆಳಕಿನ ಗೊಡವೆಯನ್ನೇ ಬಿಟ್ಟು, ತಳ್ಳುತ್ತ ತಿರುಗುತ್ತ ಬಿಡಿಸಿಕೊಳ್ಳುತ್ತಿತ್ತು.

ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಸೊಗಸಾಗಿ ತೋರುತ್ತದೆ. ಆಮೆಯ ಗೂಡಿನೊಳಗೆ ಒಂದು ಪ್ರಖರ ದೀಪ ಉರಿಯುತ್ತಿತ್ತು. ಬ್ಯಾಟರಿ ತುಂಬಿದ್ದಾಗ ಆಮೆ ಅದರ ಸಮೀಪಕ್ಕೆ ಹೋಗಿ ಹಿಂದಿರುಗುತ್ತಿತ್ತು. ಬ್ಯಾಟರಿ ಕುಗ್ಗಿದಂತೆ ಕಣ್ಣಿನ ಸೂಚನೆಯೂ ಮಂದವಾಗುತ್ತಿದ್ದುದರಿಂದ ಅದೇ ದೀಪ ಈಗ ಪ್ರಖರವೆನಿಸುತ್ತಿರಲಿಲ್ಲ. ಆಮೆ ನೇರವಾಗಿ ಗೂಡನ್ನು ಹೊಕ್ಕು ವಿದ್ಯುತ್ತನ್ನು ತುಂಬಿಕೊಳ್ಳುತ್ತಿತ್ತು. ಹಸಿವು ಎಂಬುದಕ್ಕೆ ಬೇರೊಂದು ಅಂಗವನ್ನೇ ಜೋಡಿಸಿರಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಆಮೆಯ ತಲೆಯ ಮೇಲೊಂದು ಪುಟ್ಟ ದೀಪವಿತ್ತು. ಕಣ್ಣಿಗೆ ಬೆಳಕು ಕಂಡಾಗ ಅದು ಆರುತ್ತಿತ್ತು. ಕನ್ನಡಿಯ ಮುಂದೆ ನಿಂತರೆ ತನ್ನ ದೀಪವನ್ನೇ ಕಂಡು ಅದು ಆರುವುದು, ಆರಿದೊಡನೆ ಮತ್ತೆ ಹೊತ್ತುವುದು. ಹೀಗೆ ಆಮೆ ಮಿನುಗುತ್ತ ಕುಣಿಯುತ್ತಿತ್ತು. ಈ ಕುಣಿತವನ್ನು ಯಾರೂ ಅದಕ್ಕೆ ಕಲಿಸಿರಲಿಲ್ಲ.

1951ರಲ್ಲಿ ಲಂಡನ್ನಿನ ಬ್ರಿಟನ್ ಉತ್ಸವದಲ್ಲಿ ಜನ ಇಂತಹ ಆಮೆಗಳನ್ನು ಕಂಡರು. 1953ರಲ್ಲಿ ವಾಲ್ಟರರ ‘ದಿ ಲಿವಿಂಗ್ ಬ್ರೈನ್’ ಎಂಬ ಗ್ರಂಥ ಹೊರಬಂದಿತು. ಅದನ್ನು ಓದಿ ತಾನೂ ಅಂತಹ ಯಂತ್ರ ಮಾಡಬೇಕೆಂದು ಹೊರಟ ಆಸ್ಟ್ರೇಲಿಯದ ರಾಡ್ನಿ ಬ್ರೂಕ್ಸ್ ಎಂಬ ಹುಡುಗ ಮುಂದೆ ಹೆಸರಾಂತ ರೋಬೋ ವಿಜ್ಞಾನಿಯಾದ. ನೆಲ ಶುಚಿಗೊಳಿಸುವ ರೂಂಬಾ ಯಂತ್ರವನ್ನು 2002ರಲ್ಲಿ ಹೊರತಂದ ಸಂಸ್ಥೆಯ ಸ್ಥಾಪಕರಲ್ಲಿ ಆತನೂ ಒಬ್ಬ. ಇಂದಿನ ಇಂತಹ ಕೆಲವು ಯಂತ್ರಗಳ ಅಡಿಯಲ್ಲಿ ನೆಲವನ್ನೇ ನೋಡುವ ಕಣ್ಣಿದೆ. ಅದು ಕ್ಷಣಕ್ಷಣಕ್ಕೂ ನೆಲದ ಚಿತ್ರ ತೆಗೆದು, ಒಂದನ್ನೊಂದಕ್ಕೆ ಹೋಲಿಸಿ, ತಾನು ಎಷ್ಟು ದೂರ ಸರಿದೆನೆಂದು ಎಣಿಸುತ್ತದೆ. ಗಣಕಯಂತ್ರದ ಮೌಸಿನಲ್ಲಿರುವುದೂ ಇದೇ ಬಗೆಯ ಕಣ್ಣು. ವಾಲ್ಟರರ ಆಮೆಗೆ ದೂರವೆಂದರೇನೆಂದು ತಿಳಿಯದು. ಬೆಳಕಿನ ಹೆಚ್ಚುಕಡಮೆಯೊಂದೇ ಅದು ಬಲ್ಲ ಭಾಷೆ.

ಮಿದುಳಿನ ಸಂಶೋಧನೆಯನ್ನು ವಾಲ್ಟರ್ ಎಂದೂ ಕೈಬಿಡಲಿಲ್ಲ. ಏನನ್ನಾದರೂ ನಿರೀಕ್ಷಿಸುತ್ತಿರುವಾಗ ಮಿದುಳಿನಲ್ಲಿ ಏಳುವ ವಿಶಿಷ್ಟ ಅಲೆಯನ್ನು 1964ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಪ್ರಕಟಪಡಿಸಿದರು. 1970ರಲ್ಲಿ ಸ್ಕೂಟರಿನ ಅಪಘಾತವೊಂದರಲ್ಲಿ ಅವರ ಮಿದುಳಿಗೇ ತೀವ್ರವಾದ ಪೆಟ್ಟು ಬಿದ್ದಿತು. ವಾರಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದು ಎಚ್ಚರಗೊಂಡರಾದರೂ ಹಿಂದಿನ ಚೈತನ್ಯ ಮರಳಲಿಲ್ಲ. ಸಂಶೋಧನೆ ಅಲ್ಲಿಗೇ ನಿಂತಿತು. 1977ರ ಮೇ 6ರಂದು ಅವರು ತೀರಿಕೊಂಡರು. ಅವರ ಆಮೆಗಳಲ್ಲಿ ಒಂದು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ.