ಗೋಡೆ, ನೆಲ ಮತ್ತು ಗಾಸ್ಪಾರ್ ಮಾಂಜ್

ಮ್ಯಾಟ್‌ಲ್ಯಾಬ್‌ನಲ್ಲಿ ತ್ರೀಡಿ ಸರ್ಫೇಸ್ ಕೆಳಗೆ ಟೂಡಿ ಕಾಂಟೂರ್ ಸೇರಿಸ್ತೀವಲ್ಲ, ಹಾಗೆ ಎರಡನ್ನೂ ಒಟ್ಟಿಗೆ ನೋಡೋದನ್ನ ಶಾಸ್ತ್ರವಾಗಿ ಕಲಿಸಿದವನು ಗಾಸ್ಪಾರ್ ಮಾಂಜ್.

1746ರಲ್ಲಿ ಫ್ರಾನ್ಸಿನ ಬೋನ್ ಊರಲ್ಲಿ ಹುಟ್ಟಿದ ವ್ಯಾಪಾರಿಯ ಮಗ. ಮೆಜಿಯೇರ್ ಮಿಲಿಟರಿ ಶಾಲೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದಾಗ, ಕೋಟೆ ಕಟ್ಟೋ ಉದ್ದುದ್ದ ಲೆಕ್ಕವನ್ನ ಬರೀ ಚಿತ್ರ ಬರೆದು ಬಿಡಿಸಿದ. ವಸ್ತುವಿನ ಒಂದು ಪ್ರೊಜೆಕ್ಷನ್ ನೆಲಕ್ಕೆ, ಇನ್ನೊಂದು ಗೋಡೆಗೆ. ಎರಡೂ ಸೇರಿದ್ರೆ ಆಕಾರ ಸಿಗುತ್ತೆ. ಸೈನ್ಯ ಇದನ್ನ ವರ್ಷಗಟ್ಟಲೆ ಗುಟ್ಟಾಗಿಟ್ಟಿತು. ಕ್ರಾಂತಿಯ ನಂತರ, 1795ರಲ್ಲಿ, ಮಾಂಜ್ ಪ್ಯಾರಿಸ್‌ನಲ್ಲಿ ಬಹಿರಂಗವಾಗಿ ಪಾಠ ಮಾಡಿದ.

ನೆಪೋಲಿಯನ್ ಸೋತ ಮೇಲೆ, ಅವನ ಆಪ್ತ ಅಂತ ಮಾಂಜ್‌ನನ್ನ ಅಕಾಡೆಮಿಯಿಂದ ತೆಗೆದುಹಾಕಿದರು. 1818ರಲ್ಲಿ ತೀರಿಕೊಂಡಾಗ ಎಕೋಲ್ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಅಂತ್ಯಕ್ರಿಯೆಗೆ ಹೋಗಲೂ ಅನುಮತಿ ಸಿಗಲಿಲ್ಲ. ಮರುದಿನ ಅವರೇ ಸಮಾಧಿಗೆ ಹೋಗಿ ಬಂದರು.

ಡ್ರಾಯಿಂಗ್ ಶೀಟಲ್ಲಿ ನಾವು ಮೊದಲು ಎಳೆಯೋ ಎಕ್ಸ್‌ವೈ ಗೆರೆ ಇದೆಯಲ್ಲ, ಅದೇ ಮಾಂಜ್‌ನ ಗೋಡೆ ಮತ್ತು ನೆಲ ಸೇರೋ ಜಾಗ.